ಐದು ರೂಪಾಯಿಯ ನಾಣ್ಯ

ಇಂದು ಚರ್ಚಿನಲ್ಲಿ ಆರಾಧನೆ ಮುಗಿಸಿ ಬಾಗೇಪಲ್ಲಿ ಕಡೆಯ ಹಳ್ಳಿಯೊಂದಕ್ಕೆ ಹೋಗಿದ್ದೆವು. ಕೊಯ್ಲಿನ ಹಬ್ಬದಲ್ಲಿ ಕುಂಬಳಕಾಯಿ, ಕೋಳಿ, ರಾಗಿಯನ್ನು ಹರಾಜು ಹಾಕಿ ಬಂದ ಹಣದಲ್ಲಿ ನಮ್ಮ ಸಭೆಯವರು ಅಲ್ಲಿನ ಶುದ್ಧ ನೀರಿನ ಘಟಕಕ್ಕೆ ನೀರು ಸೋಸುವ ಹೊಸ ಮೆಂಬ್ರೇನ್ ಹಾಕಿಸಿದ್ದರು.

ಐದು ರೂಪಾಯಿಗೆ 20 ಲೀಟರ್ ನೀರು. ಸಾಲಿನ ಮೊದಲಿಗಿದ್ದ ಅಜ್ಜಿ ನಾಣ್ಯವನ್ನು ಸೆರಗಿನಲ್ಲಿ ಒರೆಸಿ ಹಾಕಿದರೂ ಯಂತ್ರ ಅದನ್ನು ಎರಡು ಸಲ ಉಗುಳಿತು. ಮೂರನೆಯ ಸಲ ನೀರು ಬಂದಾಗ ಅವರು ನಕ್ಕರು, ಆಗ ಹಲ್ಲುಗಳ ಮೇಲೆ ಫ್ಲೋರೈಡ್ ಮೂಡಿಸಿದ ಕಂದು ಪಟ್ಟಿಗಳು ಕಂಡವು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬ ಮಿತಿಯನ್ನು ನಮ್ಮ ಸೀಮೆಯ ಆಳದ ಕೊಳವೆಬಾವಿಗಳು ಎಷ್ಟೋ ಕಡೆ ದಾಟಿವೆ.

“ನಾವು ಕಾಯಿಸಿ, ಆರಿಸಿಯೇ ಕುಡೀತಿದ್ವಲ್ಲಪ್ಪಾ” ಎಂದರು ಅಜ್ಜಿ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ ಎಂದು ಅವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಘಟಕದ ಹಿಂದಿನ ಕೊಳವೆಯಿಂದ ಸುರಿಯುವ ತ್ಯಾಜ್ಯ ನೀರಿಗೂ ಯಾರೋ ಬಿಂದಿಗೆ ಇಟ್ಟಿದ್ದರು, ಪಾತ್ರೆ ತೊಳೆಯಲಂತೆ. ಸಭೆಯ ಹೆಸರಿನ ಬ್ಯಾನರನ್ನು ನಾವು ಮರೆತು ಬಂದಿದ್ದೆವು, ಒಳ್ಳೆಯದೇ ಆಯಿತು.