ದಿಂಬಿನ ಪಕ್ಕದ ಪುಸ್ತಕಗಳು

ಸದ್ಯಕ್ಕೆ ಮೂರು ಪುಸ್ತಕ ಒಟ್ಟಿಗೆ ನಡೆದಿವೆ. ಒಂದು ಮುಗಿಸಿಯೇ ಇನ್ನೊಂದು ಹಿಡಿಯುವ ಶಿಸ್ತು ನನಗೆ ಯಾವತ್ತೂ ಬರಲಿಲ್ಲ.

ಜಾಸ್ತಿ ಹೊತ್ತು ಕೈಯಲ್ಲಿರುವುದು 'ಗರತಿಯ ಹಾಡು'. ನಮ್ಮ ವಿಜಯಪುರ ಜಿಲ್ಲೆಯ 'ಹಲಸಂಗಿ ಗೆಳೆಯರು' ಎಂಬ ಬರಹಗಾರರ ಗುಂಪು ಹಳ್ಳಿಯ ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡ ತ್ರಿಪದಿಗಳು. 1931ರಲ್ಲಿ ಅಚ್ಚಾದದ್ದು. ಬೀಸುವಾಗ ಕುಟ್ಟುವಾಗ ಹಾಡಿದ್ದನ್ನು ಸುಮ್ನೆ ಕಣ್ಣಲ್ಲಿ ಓದಿದರೆ ಸಪ್ಪೆ. ಬಾಯಿಬಿಟ್ಟು ಓದಬೇಕು. ತವರು, ಅತ್ತೆಮನೆ, ತೊಟ್ಟಿಲ ಕೂಸು, ಎಲ್ಲಾ ಮೂರೇ ಸಾಲಿನಲ್ಲಿ ಬಂದು ಹೋಗುತ್ತವೆ. ಬರೆದುಕೊಂಡವರ ಹೆಸರು ಉಳಿಯಿತು, ಹಾಡು ಕಟ್ಟಿದವರದ್ದು ಉಳಿಯಲಿಲ್ಲ. ಎಷ್ಟು ಸಲ ಓದಿದರೂ ಅದೊಂದು ಚುಚ್ಚುತ್ತದೆ.

ಎರಡನೆಯದು ಫ.ಗು. ಹಳಕಟ್ಟಿಯವರ 'ವಚನಶಾಸ್ತ್ರ ಸಾರ'. ಮೊದಲ ಭಾಗ ಬಂದದ್ದು 1923ರಲ್ಲಿ. ವಿಜಯಪುರದಲ್ಲಿ ವಕೀಲರಾಗಿದ್ದವರು, ಊರೂರು ಅಲೆದು ತಾಳೆಗರಿ ಕೂಡಿಸಿದರು. ದಿನಕ್ಕೆ ಒಂದೆರಡು ವಚನ, ಅಷ್ಟೇ. ಅವಸರ ಮಾಡಿದರೆ ತಲೆಗೆ ಹತ್ತುವುದಿಲ್ಲ.

ಇನ್ನೊಂದು ಚಂದ್ರಶೇಖರ ಕಂಬಾರರ ಕಾದಂಬರಿ 'ಕರಿಮಾಯಿ'. "ಓದಿದ್ದನ್ನ ಮತ್ತ ಯಾಕ ಓದ್ತೀರಿ?" ಅಂತ ಮನೆಯವಳ ತಕರಾರು. ಕಾದಂಬರಿಯೊಳಗಿನ ಶಿವಾಪುರದ ಜನ ಬೆಳಗಾವಿ ಸೀಮೆಯ ಮಾತಾಡುತ್ತಾರಲ್ಲ, ಅದಕ್ಕೇ. ಕಾಲೇಜು ದಿನಗಳಲ್ಲಿ ಕಥೆ ಏನಾಯಿತು ಅಂತ ಓಡಿದ್ದೆ. ಈಗ ಒಂದು ಬೈಗುಳ ಬಂದರೂ ನಿಂತು ನಗುತ್ತೇನೆ. ವಯಸ್ಸಾದ ಮೇಲೆ ಓದು ನಿಧಾನ ಆಗುತ್ತದೆ, ಕಣ್ಣಿನ ದೋಷ ಅಲ್ಲ ಅದು.

ಬೆಳಗಾವಿಗೆ ಹೊರಟವರು ಯಾರಾದರೂ ಇದ್ದರೆ ಹೇಳಿ. ಬಸವರಾಜ ಕಟ್ಟೀಮನಿಯವರ ಹಳೆಯ ಕಾದಂಬರಿಗಳು ಸಿಕ್ಕರೆ ತರಿಸಬೇಕು. ಕಪಾಟಿನಲ್ಲಿ ಜಾಗ ಇಲ್ಲ, ಅದು ಆಮೇಲಿನ ಮಾತು.