ರಾತ್ರಿ ಚಾರ್ಜಿಗೆ ಯಾವ ಚಾರ್ಜರ್ ಹಚ್ಚಬೇಕು? ರಾಯಚೂರು ಧಗಿಯೊಳಗ ಕುಂತು ಬರದದ್ದು

ಹೊಸ ಫೋನ್ ತಗೊಂಡೋರು ಕೇಳೋದು ಇದ್ನ, ರಾತ್ರಿ ಪೂರ್ತಿ ಚಾರ್ಜಿಗೆ ಹಚ್ಚಿ ಮಲ್ಕೊಂಡ್ರ ಬ್ಯಾಟರಿ ಉಬ್ಬತದಂತ ಹೌದೇನು, ಡಬ್ಬಿ ಜೋಡಿ ಬಂದ 67 ವ್ಯಾಟಿಂದು ಹಚ್ಚಲೋ ಬ್ಯಾಡೋ ಅಂತ. ನಂದು ಸೀದಾ ಮಾತು ಕೇಳ್ರಿ, ರಾತ್ರಿಗೆ ಮನ್ಯಾಗ ಡ್ರಾದಾಗ ಬಿದ್ದಿರೋ ಹಳೇ 10 ವ್ಯಾಟಿಂದ ಸಾಕು, ಒರಿಜಿನಲ್ ಇದ್ರ ಮಾತ್ರ. ಫಾಸ್ಟ್ ಚಾರ್ಜರ್ ಹಗಲಿಗೆ ಇರ್ಲಿ, ಬಸ್ಸಿಗೆ ಹೊತ್ತಾಗಿ ಓಡೋ ಟೈಮಿಗೆ.

ಲೆಕ್ಕ ಹಾಕಿದ್ರ ಭಾಳ ಸರಳ ಅದ. 5000 ಎಂಎಎಚ್ ಬ್ಯಾಟರಿ ಅಂದ್ರ ಸುಮಾರು 19 ವ್ಯಾಟ್ ಅವರ್, ಅಂದ್ರ 19 ವ್ಯಾಟಿನಂಗ ಒಂದು ತಾಸು ತುಂಬೋವಷ್ಟು. 10 ವ್ಯಾಟ್ ಚಾರ್ಜರಿಗೆ ಅಲ್ಲಿ ಇಲ್ಲಿ ಸೋರೋದೆಲ್ಲ ಹಿಡಿದ್ರೂ ಮೂರು ತಾಸಿನ ಆಜುಬಾಜು ಸಾಕು, ಹಿಂದ ಐಫೋನ್ ಜೋಡಿ ಕೊಡ್ತಿದ್ರಲ್ಲ ಸಣ್ಣ 5 ವ್ಯಾಟಿಂದು, ಅದೂ ಐದಾರು ತಾಸಿನಾಗ ತುಂಬಿಸ್ತದ. ನೀವು ಹನ್ನೊಂದಕ್ಕ ಮಲ್ಗಿ ಆರಕ್ಕ ಏಳೋರು, ಫಾಸ್ಟ್ ಚಾರ್ಜರಿಂದ ಒಂದು ತಾಸಿನೊಳಗ ತುಂಬಿಸಿ ಉಳಿದ ಆರು ತಾಸು ಫೋನ್ ಏನ್ ಮಾಡ್ಬೇಕು? 100ರ ಮ್ಯಾಲ ಸುಮ್ನ ಕುಂತಿರ್ತದ. ಅಲ್ಲೇ ಇರೋದು ತಕರಾರು.

ಓವರ್ ಚಾರ್ಜ್ ಆಗಿ ಸಿಡೀತದ ಅನ್ನೋ ಹೆದ್ರಿಕಿ ಬಿಟ್ಬಿಡ್ರಿ. ಎಷ್ಟು ಕರೆಂಟ್ ಎಳ್ಕೋಬೇಕು ಅಂತ ನೋಡ್ಕೊಳ್ಳೋ ಚಿಪ್ ಫೋನಿನ ಒಳಗ ಇರ್ತದ, ತುಂಬಿದ ಮ್ಯಾಲ ಅದ ನಿಲ್ಲಸ್ತದ. 67 ವ್ಯಾಟಿಂದು ಹಚ್ಚಿದ್ರೂ ಫೋನ್ ಕೇಳ್ದಷ್ಟ ಕೊಡ್ತದ ಹೊರ್ತು ಮ್ಯಾಲೆ ಬಿದ್ದು ತುಂಬಂಗಿಲ್ಲ. ಆದ್ರ ಫೋನಿನಾಗ ಇರೋ ಲಿಥಿಯಮ್ ಅಯಾನ್ ಬ್ಯಾಟರಿಗೆ ಪೂರ್ತಿ ತುಂಬ್ಕೊಂಡು ಇರೋದ ಒಂದು ಕಷ್ಟ. ನಮ್ ಕಡಿ ಹತ್ತಿ ತುಂಬೋದು ನೋಡಿರಲ್ಲ, ಅಂಡಿಗಿ ಅರ್ಧ ಆಗೋ ತನ ಹತ್ತಿ ಹಂಗ ಬಿದ್ಕೋತ ಹೋಗ್ತದ, ಕಡೀಕ ಕಾಲಾಗ ತುಳದು ತುಳದು ತುರುಕಬೇಕು, ಹೊಲಿಗಿ ಎಲ್ಲ ಬಿಗೀತದ. 80ರ ಮ್ಯಾಲಿನ ಚಾರ್ಜ್ ಹಂಗ, ವೋಲ್ಟೇಜ್ ಏರಿ ಒಳಗ ಬಿಗಿಯಾಗ್ತದ, ಅದಕ್ಕ ಕಡೀ 20 ಪರ್ಸೆಂಟ್ ಫೋನ ತಾನಾಗಿ ನಿಧಾನ ಮಾಡ್ತದ.

ಇನ್ನ ಇದ್ರ ಮ್ಯಾಲ ನಮ್ಮೂರ ಬಿಸ್ಲು. ಮೇ ತಿಂಗಳಾಗ ರಾಯಚೂರಾಗ ಹಗಲು 42 ದಾಟೋದು ಯಾರಿಗೂ ಹೊಸಾ ಸುದ್ದಿ ಅಲ್ಲ, ರಾತ್ರಿ ಆರ್‌ಸಿಸಿ ಮನ್ಯಾಗ ಹನ್ನೆರಡಕ್ಕೂ ಗ್ವಾಡಿ ಮುಟ್ಟಿದ್ರ ಬೆಚ್ಚಗ ಇರ್ತದ. ಆ್ಯಪಲ್‌ನೋರು 35 ಡಿಗ್ರಿಗಿಂತ ಜಾಸ್ತಿ ಇರೋ ಕಡಿ ಫೋನ್ ಬಳಸಬ್ಯಾಡ್ರಿ, ಬ್ಯಾಟರಿ ತಾಕತ್ತು ಕಾಯಂ ಕಡಿಮಿ ಆಗಬಹುದು ಅಂತಾರ, ಆ ಮಾತು ಕೇಳಿದ್ರ ನಾವು ಹೋಳಿ ಹುಣ್ಣಿಮಿಯಿಂದ ಕಾರ ಹುಣ್ಣಿಮಿ ತನ ಫೋನ್ ಫ್ರಿಜ್ಜಿನಾಗ ಇಡಬೇಕಾಗ್ತದ (ಇಡಬ್ಯಾಡ್ರಿ ಮತ್ತ, ಒಳಗ ನೀರು ಕಟ್ತದ). ಬ್ಯಾಟರಿ ಯೂನಿವರ್ಸಿಟಿ ಅನ್ನೋ ವೆಬ್‌ಸೈಟಿನಾಗ ಒಂದು ಪಟ್ಟಿ ಅದ, ಲಿಥಿಯಮ್ ಬ್ಯಾಟರಿ ಪೂರ್ತಿ ತುಂಬಿಸಿ 40 ಡಿಗ್ರಿಯೊಳಗ ಒಂದು ವರ್ಷ ಇಟ್ರ ತಾಕತ್ತು 65 ಪರ್ಸೆಂಟಿಗೆ ಇಳೀತದ, ಅದ ಧಗಿಯೊಳಗ 40 ಪರ್ಸೆಂಟ್ ಚಾರ್ಜಿನ ಮ್ಯಾಲ ಇಟ್ರ 85 ಉಳೀತದ. ಕಾವು ಒಂದ, ತುಂಬಿದ್ದಕ್ಕ ಅಷ್ಟು ಫರಕು.

ಹಿಂಗಾಗಿ ಚಾರ್ಜರ್ ಯಾವ್ದು ಅನ್ನೋದಕ್ಕಿಂತ ಫೋನ್ ಎಲ್ಲಿ ಇಟ್ಟೀರಿ ಅನ್ನೋದು ದೊಡ್ದು. ತೆಲಿದಿಂಬಿನ ಕೆಳಗ, ಕೌದಿ ಮಡಿಚಿಕಿ ಒಳಗ ಇಟ್ಟು ಚಾರ್ಜಿಗೆ ಹಚ್ಚೋದು ಮೊದಲು ಬಿಡ್ರಿ. ಹಳೇ ಮನಿಯೋರಿಗೆ ಒಂದು ಲಾಭ ಅದ, ಶಾಬಾದಿ ಕಲ್ಲಿನ ನೆಲ. ಕವರ್ ತಗದು ಬರೇ ಕಲ್ಲಿನ ಮ್ಯಾಲ ಫೋನ್ ಇಟ್ಟು, ಫ್ಯಾನಿನ ಗಾಳಿ ಬಡಿಯಂಗ ಮಾಡಿ, ಹತ್ತು ನಿಮಿಷ ಬಿಟ್ಟು ಬೆನ್ನು ಮುಟ್ಟಿ ನೋಡ್ರಿ, ಹಾಸಿಗಿ ಮ್ಯಾಲ ಇಟ್ಟಿದ್ದಕ್ಕೂ ಇದಕ್ಕೂ ಕೈಗೇ ಗೊತ್ತಾಗ್ತದ. ವೈರ್‌ಲೆಸ್ ಚಾರ್ಜರ್ ಅಂತೂ ರಾತ್ರಿಗೆ ಬ್ಯಾಡ, ಕಾವು ಜಾಸ್ತಿ.

ಹಳೇದು ಇಲ್ಲ, ಹೊಸಾದು ತಗೋಬೇಕು ಅಂದ್ರ ತೀನ್ ಕಂದೀಲ್ ಕಡಿ ಅಂಗಡಿಯಾಗ ನೂರಾ ಐವತ್ತಕ್ಕೂ ಸಿಗ್ತಾವ, ಸಾವಿರಕ್ಕೂ ಸಿಗ್ತಾವ, ಅಂಗಡಿಯಂವ ಎಲ್ಲಾನೂ ಒರಿಜಿನಲ್ ಅಂತಾನ. ನೀವು ಚಾರ್ಜರಿನ ಬೆನ್ನು ಓದ್ರಿ. ಅಕ್ಷರ ಇರಿವಿಗಿಂತ ಸಣ್ಣು ಇರ್ತಾವ, ಫೋನ್ ಕ್ಯಾಮರಾ ಝೂಮ್ ಮಾಡಿ ಓದಬೇಕು. ಔಟ್‌ಪುಟ್ 5 ವೋಲ್ಟ್ 2 ಆಂಪ್ ಅಂತ ಇದ್ರ ಎರಡೂ ಗುಣಿಸ್ರಿ, 10 ವ್ಯಾಟ್. 9 ವೋಲ್ಟ್ 2 ಆಂಪ್ ಇದ್ರ 18. ಇನ್‌ಪುಟ್ 100 ರಿಂದ 240 ವೋಲ್ಟ್ ಅಂತ ಇರಬೇಕು, ನಮ್ಮಲ್ಲಿ ರಾತ್ರಿ ವೋಲ್ಟೇಜ್ ಇಳಿಯೋದು ಏರೋದು ಇದ್ದದ್ದ ಅಲ್ಲ. ಆಮ್ಯಾಲ ಬಿಐಎಸ್ (ಸಾಮಾನಿನ ಗುಣಮಟ್ಟ ನೋಡೋ ಸರ್ಕಾರಿ ಸಂಸ್ಥೆ) ಗುರ್ತು, ಅದ್ರ ಕೆಳಗ ಆರ್ ಅಕ್ಷರ, ಡ್ಯಾಶ್, ಎಂಟು ಅಂಕಿ. ಆ ನಂಬರ್ ಬಿಐಎಸ್ ಕೇರ್ ಆ್ಯಪಿನಾಗ ಹೊಡದ್ರ ಯಾವ ಕಂಪನಿಗೆ ಕೊಟ್ಟದ್ದು ಅಂತ ತೋರಸ್ತದ, ಕಂಪನಿ ಹೆಸರು ಬ್ಯಾರೇನ ಬಂತಂದ್ರ ಚಾರ್ಜರ್ ಅಲ್ಲೇ ಇಟ್ಟು ಬರ್ರಿ. ಅಗ್ಗದ ಚಾರ್ಜರಿನಾಗ ಮನಿ ಕರೆಂಟ್ ಬರೋ ಭಾಗಕ್ಕೂ ಫೋನಿಗೆ ಹೋಗೋ ಭಾಗಕ್ಕೂ ನಡುವ ಶಾಕ್ ತಡಿಯೋ ಸರಿಯಾದ ಅಡ್ಡಗ್ವಾಡಿ ಇರಂಗಿಲ್ಲ, ನೀವು ನಿದ್ದಿಗಣ್ಣಾಗ ಚಾರ್ಜಿಗೆ ಹಚ್ಚಿದ ಫೋನ್ ಹಿಡದು ಮಾತಾಡೋದು ಅಂಥದ್ದರ ಮ್ಯಾಲ ಬ್ಯಾಡ.

ದುಡ್ಡು ಖರ್ಚು ಮಾಡೋಕಿಂತ ಮುಂಚೆ ಸೆಟ್ಟಿಂಗ್ ನೋಡ್ರಿ. ಸ್ಯಾಮ್ಸಂಗ್‌ನ್ಯಾಗ ಫಾಸ್ಟ್ ಚಾರ್ಜಿಂಗ್ ಆಫ್ ಮಾಡೋ ಬಟನ್ನ ಅದ, ಇದ್ದ ಚಾರ್ಜರ್ರ ನಿಧಾನ ಆಗ್ತದ. 80ಕ್ಕ ನಿಲ್ಲಸೋ ಆಪ್ಶನ್ ಐಫೋನ್ 15ರಿಂದ ಅದ, ಆಂಡ್ರಾಯ್ಡ್‌ನೊಳಗೂ ಭಾಳ ಫೋನಿನಾಗ ಬಂದದ. ನೀವು ಏಳೋ ಟೈಮ್ ಕಲ್ತು 80ಕ್ಕ ನಿಂತು ಬೆಳಕು ಹರಿಯೋದ್ರಾಗ 100 ಮಾಡೋ ಇನ್ನೊಂದು ಅದ, ದಿನಾ ಒಂದ ಹೊತ್ತಿಗೆ ಏಳೋರಿಗೆ ಚಲೋ. ನಮ್ಮ ಮಾವ ಶಕ್ತಿನಗರ ಥರ್ಮಲ್ ಕರೆಂಟ್ ಸ್ಥಾವರದಾಗ ಶಿಫ್ಟ್ ಡ್ಯೂಟಿ, ಒಂದು ವಾರ ರಾತ್ರಿ ಮಲಗ್ತಾರ, ಮುಂದಿನ ವಾರ ಹಗಲು, ಅವ್ರ ಫೋನ್ ಪಾಪ ಏನಂತ ಕಲೀತದ? ಅಂಥೋರಿಗೆ 80ಕ್ಕ ಕಟ್ ಮಾಡೋದ ಬೆಸ್ಟು.

ಅವ್ವನ ಫೋನಿಗೂ 80 ಇಟ್ಟು ಕೊಟ್ಟಿದ್ದೆ. ಮರುದಿನ ಮುಂಜಾನೆ ನೋಡಿ "ತುಂಬವಲ್ದು ಇದು, ಚಾರ್ಜರ್ ಕೆಟ್ಟದ ನೋಡಪ್ಪ" ಅಂದ್ಳು. ಹೊಲಕ್ಕ ಹೋದ್ರ ಸಂಜಿ ತನ ಬರಂಗಿಲ್ಲ, ಅಲ್ಲಿ ಪ್ಲಗ್ ಇಲ್ಲ, ಮ್ಯಾಲ ದಿನಾ ಮಧ್ಯಾಹ್ನ ತಂಗಿಗೆ ವಿಡಿಯೋ ಕಾಲ್ ಬ್ಯಾರೆ. ಆಕಿಗೆ 100 ಬೇಕ ಬೇಕು, ಲಿಮಿಟ್ ತಗದುಬಿಟ್ಟೆ. ಬ್ಯಾಟರಿ ಎರಡು ವರ್ಷಕ್ಕ ಬದ್ಲಿ ಮಾಡ್ಸಿದ್ರಾತು. 10 ವ್ಯಾಟಿನ ಚಾರ್ಜರ್ ಮತ್ತ ಶಾಬಾದಿ ಕಲ್ಲು ಮಾತ್ರ ಹಂಗ ಇಟ್ಟೀನಿ, ನೆಲದ ಮ್ಯಾಲ ಇಟ್ರ ಬೆಕ್ಕು ವೈರ್ ಕಡೀತದ ಅಂತ ಈಗ ಅದ್ರ ಜಗಳ ಶುರು ಆಗ್ಯದ.