ಬಿಸ್ಬಿಗೆ ಹೋದರೆ ಒಂದು ರಾತ್ರಿ ಉಳಿಯಿರಿ

ಅಮೆರಿಕದ ಫೀನಿಕ್ಸ್ ಕಡೆಯ ನಮ್ಮ ಕನ್ನಡಿಗರು ಅರಿಜೋನಾ ರಾಜ್ಯದ ದಕ್ಷಿಣಕ್ಕೆ ಹೊರಟರೆ ಸಾಮಾನ್ಯವಾಗಿ ಟೂಂಬ್‌ಸ್ಟೋನ್‌ನಲ್ಲಿ ಗುಂಡಿನ ಕಾಳಗದ ಪ್ರದರ್ಶನ ನೋಡಿ, ಬಿಸ್ಬಿಯಲ್ಲಿ ಕಾಫಿ ಕುಡಿದು, ಸಂಜೆಗೇ ವಾಪಸಾಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಟೂಂಬ್‌ಸ್ಟೋನ್‌ಗೆ ಒಂದೆರಡು ಗಂಟೆ ಸಾಕು. ಉಳಿಯಬೇಕಾದ ಊರು ಬಿಸ್ಬಿ.

ಎರಡೂ ಕೊಚೀಸ್ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕದ, ಊರುಗಳೇ. 1881ರಲ್ಲಿ ಕೌಂಟಿ ಹುಟ್ಟಿದಾಗ ಆಡಳಿತ ಕೇಂದ್ರವಾಗಿದ್ದದ್ದು ಟೂಂಬ್‌ಸ್ಟೋನ್. ಅಲ್ಲಿನ ಬೆಳ್ಳಿ ಗಣಿಗಳಿಗೆ ನೀರು ನುಗ್ಗಿ ಊರು ಸೊರಗಿತು. ಇತ್ತ ತಾಮ್ರದಿಂದ ಬಿಸ್ಬಿ ಬೆಳೆಯಿತು. 1929ರಲ್ಲಿ ಕೌಂಟಿ ಕೇಂದ್ರವೂ ಬಿಸ್ಬಿಗೇ ಬಂತು. ಹೀಗಾಗಿ ಮೊದಲು ಟೂಂಬ್‌ಸ್ಟೋನ್‌ನ ಹಳೇ ಕೋರ್ಟ್ ಕಟ್ಟಡ ನೋಡಿ, ಆಮೇಲೆ ಬಿಸ್ಬಿಯ 1931ರ ಕೋರ್ಟ್‌ಹೌಸ್ ಮುಂದೆ ನಿಂತರೆ ಈ ಸೀಮೆಯ ಚರಿತ್ರೆ ಅರ್ಧ ತಿಳಿದಂತೆ.

ಫೀನಿಕ್ಸ್‌ನಿಂದ ಸುಮಾರು 200 ಮೈಲಿ. ಬೆನ್ಸನ್ ಬಳಿ ದೊಡ್ಡ ಹೆದ್ದಾರಿ ಬಿಟ್ಟು 80ನೇ ರಸ್ತೆ ಹಿಡಿಯಿರಿ. ಮ್ಯೂಲ್ ಬೆಟ್ಟಗಳ ಸುರಂಗ ದಾಟುತ್ತಿದ್ದಂತೆ ಊರು ಕಣಿವೆಯೊಳಗೆ ತೆರೆದುಕೊಳ್ಳುತ್ತದೆ. ಸುಮಾರು 5,500 ಅಡಿ ಎತ್ತರವಾದ್ದರಿಂದ ಫೀನಿಕ್ಸ್ ಕಾದ ಕಾವಲಿಯಾಗಿರುವಾಗಲೂ ಇಲ್ಲಿ ಸಂಜೆ ಹಿತವಾಗಿರುತ್ತದೆ. ಸಮತಟ್ಟಾದ ಜಾಗ ಇಲ್ಲವೇ ಇಲ್ಲ. ಒಬ್ಬರ ಮನೆಯ ಅಂಗಳ ಇನ್ನೊಬ್ಬರ ಸೂರಿನ ಮಟ್ಟಕ್ಕಿರುತ್ತದೆ. ನಡುವೆ ಕಾಂಕ್ರೀಟ್ ಮೆಟ್ಟಿಲುಗಳು, ಪಕ್ಕದಲ್ಲಿ ಮಳೆನೀರಿನ ಕಾಲುವೆ. ಮಂಡಿನೋವಿರುವ ಅಪ್ಪ ಅಮ್ಮ ಜೊತೆಗಿದ್ದರೆ ರೂಮು ಮೇನ್ ಸ್ಟ್ರೀಟ್ ಮಟ್ಟದಲ್ಲೇ ಸಿಗುವಂತೆ ಮೊದಲೇ ಕೇಳಿ. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನದ ಮೇಲೆ ಜೋರು ಮಳೆ ಬರಬಹುದು.

ಪ್ರವಾಸಿಗರಿಗೆ ತೆರೆದಿರುವ ಹಳೇ ತಾಮ್ರದ ಗಣಿ ಕ್ವೀನ್‌ನ ಒಳಗೆ ಹೋಗದೆ ಬರಬೇಡಿ. ಟಿಕೆಟ್ ಮುಂಗಡ ಕಾದಿರಿಸಿ. ಚಿಕ್ಕ ಮಕ್ಕಳಿಗೆ ವಯಸ್ಸಿನ ಮಿತಿಯಿದೆ, ವಿಚಾರಿಸಿಕೊಳ್ಳಿ. ಹೆಲ್ಮೆಟ್, ದೀಪ ಕೊಟ್ಟು, ಪುಟ್ಟ ರೈಲಿನ ಮೇಲೆ ಕುದುರೆ ಸವಾರಿಯಂತೆ ಎರಡೂ ಕಡೆ ಕಾಲು ಹಾಕಿ ಕೂರಿಸುತ್ತಾರೆ. ಒಳಗೆ ವರ್ಷವಿಡೀ ಸುಮಾರು 8 ಡಿಗ್ರಿ ಸೆಲ್ಸಿಯಸ್, ಸ್ವೆಟರ್ ಇರಲಿ. ಇಂಗ್ಲೆಂಡಿನ ಕಾರ್ನ್‌ವಾಲ್‌ನ ಗಣಿ ಕೆಲಸಗಾರರು ನಮ್ಮ ಕೆಜಿಎಫ್‌ಗೆ ಬಂದಂತೆ ಇಲ್ಲಿಗೂ ಬಂದಿದ್ದರು. ಕೋಲಾರದ ಕಡೆಯವರಿಗೆ ಈ ಕತ್ತಲೆ ಅಷ್ಟೇನೂ ಅಪರಿಚಿತ ಅನ್ನಿಸಲಾರದು.

ಹೊರಗೆ ಹೆದ್ದಾರಿ ಪಕ್ಕದಲ್ಲೇ ಲ್ಯಾವೆಂಡರ್ ಪಿಟ್ ಎಂಬ ತೆರೆದ ಗಣಿ. 1950ರ ದಶಕದಿಂದ 1974ರವರೆಗೆ ಅಗೆದ ಈ ಹೊಂಡ ಪಕ್ಕದ ಲೋವೆಲ್ ಬಡಾವಣೆಯ ಬಹುಭಾಗವನ್ನೂ ನುಂಗಿತು. ಬೇಲಿಯ ಬಳಿ ನಿಂತು ಕೆಂಪು, ನೇರಳೆ ಪದರಗಳನ್ನು ಬೆಳಗಿನ ಬಿಸಿಲಲ್ಲಿ ನೋಡಿ.

ಹೆಚ್ಚಿನವರು ಬಿಟ್ಟುಬಿಡುವ ಜಾಗ ವಾರನ್ ಬಾಲ್‌ಪಾರ್ಕ್, 1909ರ ಬೇಸ್‌ಬಾಲ್ ಮೈದಾನ. ನನಗೆ ಇಡೀ ಊರಿನಲ್ಲಿ ಮುಖ್ಯವೆನಿಸಿದ್ದು ಇದೇ. 1917ರಲ್ಲಿ ಮೊದಲ ಮಹಾಯುದ್ಧದಿಂದ ತಾಮ್ರದ ಬೆಲೆ ಏರಿತ್ತು. ಗಣಿ ಕಾರ್ಮಿಕರು ಸುರಕ್ಷತೆಗೂ ನ್ಯಾಯವಾದ ಕೂಲಿಗೂ ಮುಷ್ಕರ ಹೂಡಿದರು. ಅದನ್ನು ಮುರಿಯಲು ಜುಲೈ 12ರ ಬೆಳಗಿನ ಜಾವ ಕೌಂಟಿಯ ಪೊಲೀಸ್ ಮುಖ್ಯಸ್ಥ, ಶೆರಿಫ್ ಹ್ಯಾರಿ ವೀಲರ್ ನೇತೃತ್ವದಲ್ಲಿ ಸುಮಾರು 2,000 ಮಂದಿ ಬಂದೂಕು ಹಿಡಿದು ಮನೆಮನೆಗೆ ನುಗ್ಗಿದರು. ಹಿಡಿದವರನ್ನು ಇದೇ ಮೈದಾನಕ್ಕೆ ನಡೆಸಿ ತಂದು, ಸುಮಾರು 1,200 ಜನರನ್ನು ದನ ಸಾಗಿಸುವ ರೈಲು ಡಬ್ಬಿಗಳಿಗೆ ತುಂಬಿ, ನ್ಯೂ ಮೆಕ್ಸಿಕೋದ ಮರುಭೂಮಿಯಲ್ಲಿ ಇಳಿಸಿಬಿಟ್ಟರು. ಅವರಲ್ಲಿ ಬಹಳಷ್ಟು ಜನ ವಲಸೆ ಬಂದವರು. ಹೀಗೆ ಗಡೀಪಾರು ಮಾಡಿದವರಲ್ಲಿ ಯಾರಿಗೂ ಶಿಕ್ಷೆಯಾಗಲಿಲ್ಲ. ಹೊರದೇಶದಲ್ಲಿ ದುಡಿದು ಬದುಕುವ ನಾವು ಇದನ್ನು ತಿಳಿದಿರಲೇಬೇಕು. ಊರ ಮಧ್ಯದ ಗಣಿ ಮ್ಯೂಸಿಯಮ್ಮನ್ನು ಮೊದಲು ನೋಡಿ ಆಮೇಲೆ ಈ ಮೈದಾನಕ್ಕೆ ಹೋಗಿ.

ಊಟಕ್ಕೆ ಪಿಜ್ಜಾ, ಮೆಕ್ಸಿಕನ್ ಸಿಗುತ್ತವೆ. ವಾರದ ದಿನಗಳಲ್ಲಿ ಅಡುಗೆಮನೆಗಳು ಬೇಗ ಮುಚ್ಚಬಹುದು, ಪುಳಿಯೋಗರೆ ಡಬ್ಬಿ ಕಾರಿನಲ್ಲಿರಲಿ. ಮೆಕ್ಸಿಕೋ ಗಡಿ ಹತ್ತೇ ಮೈಲಿ ದೂರ. ವಾಪಸ್ ಬರುವಾಗ ಟೂಂಬ್‌ಸ್ಟೋನ್ ದಾಟಿದ ಮೇಲೆ ಗಡಿ ಪೊಲೀಸರು ಕಾರು ತಡೆದು ಪೌರತ್ವ ಕೇಳುವುದುಂಟು. ಪಾಸ್‌ಪೋರ್ಟ್, ವೀಸಾ ಕಾಗದ ಅಥವಾ ಗ್ರೀನ್ ಕಾರ್ಡ್ ಮನೆಯವರೆಲ್ಲರದೂ ಕೈಗೆಟುಕುವಂತಿರಲಿ. ಡಿಕ್ಕಿಯ ಸೂಟ್‌ಕೇಸಿನಲ್ಲಿ ಬೇಡ.